ಗಡ್ಡೆ ತೆಗೆದ ಮೇಲೂ ಕರೆಂಟ್ ಯಾಕೆ?

‘ಆಪರೇಷನ್ ಆಯ್ತಲ್ಲ ಡಾಕ್ಟ್ರೇ, ಗಡ್ಡೆ ಪೂರ್ತಿ ತೆಗೆದಿದ್ದೀವಿ ಅಂತ ನೀವೇ ಹೇಳಿದ್ರಲ್ಲ. ಮತ್ತೆ ಕರೆಂಟ್ ಯಾಕೆ?’

ಗಂಟಲು ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮನೆಮಂದಿ ಕೇಳುವ ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಕರೆಂಟ್ ಎಂದರೆ ಜನರ ಮಾತಿನಲ್ಲಿ ವಿಕಿರಣ ಚಿಕಿತ್ಸೆ. ಸಾಲಸೋಲ ಮಾಡಿ, ಊರು ಬಿಟ್ಟು ಬಂದು, ಥಿಯೇಟರ್ ಬಾಗಿಲ ಮುಂದೆ ಇಡೀ ದಿನ ಕಾದು ಕುಳಿತವರಿಗೆ ‘ಇನ್ನು ಆರು ವಾರ ವಿಕಿರಣ ಚಿಕಿತ್ಸೆ ಇದೆ’ ಎಂದರೆ ಅನುಮಾನ ಬರುವುದು ಸಹಜ. ಆಪರೇಷನ್ ಸರಿಯಾಗಲಿಲ್ಲವೇ? ಏನನ್ನಾದರೂ ಮುಚ್ಚಿಡುತ್ತಿದ್ದಾರೆಯೇ? ದುಡ್ಡಿಗಾಗಿ ಎಳೆಯುತ್ತಿದ್ದಾರೆಯೇ? ಸರಿಯಾದ ಉತ್ತರ ಸಿಗದೆ ಹೋದರೆ ಕೆಲವರು ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋದವರು ಮತ್ತೆ ಇತ್ತ ಬರುವುದಿಲ್ಲ. ಬಂದರೂ ಕೆಲವು ತಿಂಗಳ ಮೇಲೆ, ಕುತ್ತಿಗೆಯಲ್ಲಿ ಹೊಸ ಗಂಟು ಎದ್ದ ಮೇಲೆ.

ಹೇಳಬೇಕಾದ ಮಾತು ಸರಳ. ಮುಂದುವರಿದ ಗಂಟಲು ಕ್ಯಾನ್ಸರ್‌ನಲ್ಲಿ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಒಂದೇ ಚಿಕಿತ್ಸೆಯ ಎರಡು ಅರ್ಧಗಳು. ಮೊದಲರ್ಧ ಮುಗಿಸಿ ಎರಡನೆಯದನ್ನು ಬಿಟ್ಟರೆ ಅಲ್ಲಿಯವರೆಗೆ ಪಟ್ಟ ಪಾಡೆಲ್ಲ ದಂಡವಾಗಬಹುದು. ಹಾಗೆಂದು ಎಲ್ಲರಿಗೂ ಎರಡೂ ಬೇಕೆಂದಲ್ಲ. ಆರಂಭದಲ್ಲೇ ಪತ್ತೆಯಾದ ಕ್ಯಾನ್ಸರ್‌ಗೆ ಎರಡರಲ್ಲಿ ಒಂದು ಸಾಕು. ಯಾರಿಗೆ ಒಂದು, ಯಾರಿಗೆ ಎರಡು, ಯಾವುದು ಮೊದಲು, ನಡುವೆ ಎಷ್ಟು ದಿನ ಎಂಬ ಲೆಕ್ಕಾಚಾರ ಕೂಡಿ ಬರಲು ವೈದ್ಯಲೋಕಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಚಾಕುವಿಗೆ ಸಿಗದ ಕೋಶಗಳು

ಗಂಟಲು ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ಜಾಗದಲ್ಲಿ ಟಾನ್ಸಿಲ್ ಇದೆ, ನಾಲಿಗೆಯ ಬುಡ ಇದೆ, ಧ್ವನಿಪೆಟ್ಟಿಗೆ ಇದೆ, ಅದರ ಹಿಂದೆ ಅನ್ನನಾಳದ ಬಾಯಿ ಇದೆ. ಉಸಿರು, ಊಟ, ಮಾತು ಮೂರೂ ಇಲ್ಲೇ ಹಾದುಹೋಗಬೇಕು. ಕರುಳಿನಲ್ಲಿ ಗಡ್ಡೆಯಾದರೆ ಎರಡೂ ಬದಿಗೆ ಧಾರಾಳವಾಗಿ ಬಿಟ್ಟು ಕತ್ತರಿಸಬಹುದು. ಗಂಟಲಿನಲ್ಲಿ ಅಷ್ಟು ಜಾಗವಿಲ್ಲ. ಒಂದು ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ಧಮನಿ, ಅದರ ಆಚೆ ಭುಜ ಎತ್ತಲು ಬೇಕಾದ ನರ, ಹಿಂದೆ ಬೆನ್ನುಮೂಳೆ. ಗಡ್ಡೆಯ ಸುತ್ತ ಐದು ಮಿಲಿಮೀಟರಿನಷ್ಟು ಕ್ಯಾನ್ಸರ್ ಇಲ್ಲದ ಅಂಚು ಸಿಕ್ಕರೆ ಸಾಮಾನ್ಯವಾಗಿ ಶಸ್ತ್ರವೈದ್ಯರು ಸಮಾಧಾನಪಡುತ್ತಾರೆ.

ಗಡ್ಡೆ ಇದ್ದಲ್ಲೇ ಇದ್ದಿದ್ದರೆ ಆ ಅಂಚೇ ಸಾಕಿತ್ತು. ಆದರೆ ಅದು ದುಗ್ಧರಸ ನಾಳಗಳ ದಾರಿ ಹಿಡಿದು ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ. ಧ್ವನಿತಂತುವಿನಲ್ಲಿ ಈ ನಾಳಗಳು ವಿರಳ. ಹೀಗಾಗಿ ಅಲ್ಲಿಯೇ ಹುಟ್ಟಿದ ಕ್ಯಾನ್ಸರ್ ಬಹಳ ಕಾಲ ಅಲ್ಲಿಯೇ ಉಳಿಯುತ್ತದೆ, ದನಿ ಒಡೆಯುವುದರಿಂದ ಬೇಗ ಗೊತ್ತೂ ಆಗುತ್ತದೆ. ತಂತುವಿನ ಮೇಲ್ಭಾಗದಲ್ಲೋ ಅನ್ನನಾಳದ ಬಾಯಲ್ಲೋ ಹುಟ್ಟಿದ್ದು ಹಾಗಲ್ಲ. ಅಲ್ಲಿ ನಾಳಗಳ ಬಲೆಯೇ ಇದೆ. ರೋಗಿಗೆ ನುಂಗುವಾಗ ಚೂರು ಕಿರಿಕಿರಿ ಎನಿಸುವ ಹೊತ್ತಿಗೆ ಕುತ್ತಿಗೆಯ ಗ್ರಂಥಿಗೆ ಕ್ಯಾನ್ಸರ್ ಸೇರಿ ಆಗಿರಬಹುದು.

ಹೊಲದಲ್ಲಿ ಗರಿಕೆ ಕಿತ್ತವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು. ಕಣ್ಣಿಗೆ ಕಂಡಿದ್ದನ್ನೆಲ್ಲ ಕಿತ್ತರೂ ಮಣ್ಣಿನೊಳಗೆ ಉಳಿದ ತುಂಡು ಬೇರು ಮುಂದಿನ ಮಳೆಗೆ ಚಿಗುರುತ್ತದೆ. ಆಪರೇಷನ್ನಿನ ನಂತರ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳು ಸಿ.ಟಿ. ಸ್ಕ್ಯಾನಿಗೂ ಕಾಣವು, ಎಂ.ಆರ್.ಐ.ಗೂ ಕಾಣವು. ಕಾಣದ್ದನ್ನು ಕತ್ತರಿಸಲು ಚಾಕುವಿನಿಂದ ಆಗದು. ವಿಕಿರಣ ಇಡೀ ಪ್ರದೇಶದ ಮೇಲೆ ಹಾಯುವುದರಿಂದ ಕಾಣದ್ದನ್ನೂ ಮುಟ್ಟುತ್ತದೆ.

ಹಾಗಾದರೆ ವಿಕಿರಣವೊಂದೇ ಸಾಲದೇ? ದೊಡ್ಡ ಗಡ್ಡೆಯ ವಿಷಯದಲ್ಲಿ ಅದಕ್ಕೂ ಮಿತಿ ಇದೆ. ವಿಕಿರಣ ಕೋಶದ ಡಿ.ಎನ್.ಎ.ಯನ್ನು ತುಂಡರಿಸುತ್ತದೆ. ಆ ತುಂಡು ಮತ್ತೆ ಕೂಡಿಕೊಳ್ಳದಂತೆ ಮಾಡಲು ಆಮ್ಲಜನಕ ಬೇಕು. ಆಮ್ಲಜನಕ ಚೆನ್ನಾಗಿ ಸಿಗುವ ಕೋಶಕ್ಕೆ ಹೋಲಿಸಿದರೆ, ಅದು ಸಿಗದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ವಿಕಿರಣ ಬೇಕಾಗುತ್ತದೆ. ದೊಡ್ಡ ಗಡ್ಡೆಯ ಒಳಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಆಮ್ಲಜನಕವೂ ತಲುಪುವುದಿಲ್ಲ. ಆ ಒಳಭಾಗವನ್ನು ಚಾಕು ಸಲೀಸಾಗಿ ತೆಗೆದುಬಿಡುತ್ತದೆ. ಅಂಚಿನಲ್ಲಿ, ರಕ್ತ ಚೆನ್ನಾಗಿ ಹರಿಯುವ ಕಡೆ ಚದುರಿದ ಕೋಶಗಳನ್ನು ವಿಕಿರಣ ನೋಡಿಕೊಳ್ಳುತ್ತದೆ. ಒಂದರ ದೌರ್ಬಲ್ಯ ಇನ್ನೊಂದರ ಬಲ. ಎರಡನ್ನೂ ಕೂಡಿಸುವುದರ ಹಿಂದಿನ ತರ್ಕವೆಲ್ಲ ಇಷ್ಟೇ.

ವಿಯೆನ್ನಾದಿಂದ ಪ್ಯಾರಿಸ್‌ಗೆ

ಕ್ಯಾನ್ಸರ್‌ಗಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದ ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು ವಿಯೆನ್ನಾದಲ್ಲಿ, 1873ರ ಡಿಸೆಂಬರ್ 31ರಂದು. ಮಾಡಿದವರು ಥಿಯೋಡರ್ ಬಿಲ್ರೋತ್. ಅವರ ಸಹಾಯಕ ಕಾರ್ಲ್ ಗುಸೆನ್‌ಬಾಯರ್ ಆ ರೋಗಿಗೆ ಮಾತಾಡಲು ಒಂದು ಕೃತಕ ಸಾಧನವನ್ನೂ ಮಾಡಿಕೊಟ್ಟರು. ಆಪರೇಷನ್ ಯಶಸ್ವಿಯಾಯಿತು, ಆದರೆ ಕ್ಯಾನ್ಸರ್ ಮರುಕಳಿಸಿ ರೋಗಿ ಒಂದು ವರ್ಷದೊಳಗೆ ತೀರಿಕೊಂಡ. ಚಾಕು ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮೊದಲ ಪ್ರಕರಣವೇ ಸಾಕ್ಷಿಯಾಯಿತು.

ಅಂದಿನ ವೈದ್ಯರ ಬಳಿ ಬೇರೆ ದಾರಿಯೂ ಇರಲಿಲ್ಲ. 1886ರ ಆಗಸ್ಟ್‌ನಲ್ಲಿ ಕಾಶೀಪುರದ ತೋಟದ ಮನೆಯಲ್ಲಿ ರಾಮಕೃಷ್ಣ ಪರಮಹಂಸರು ದೇಹ ಬಿಟ್ಟದ್ದು ಗಂಟಲು ಕ್ಯಾನ್ಸರ್‌ನಿಂದ. ಮರುವರ್ಷ ಜರ್ಮನಿಯ ಯುವರಾಜ ಫ್ರೆಡ್ರಿಕ್‌ನ ದನಿ ಕೆಟ್ಟಿತು. ಜರ್ಮನ್ ಶಸ್ತ್ರವೈದ್ಯರು ಆಪರೇಷನ್ ಆಗಲೇಬೇಕೆಂದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಜಿ ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲವೆಂದು ಆಪರೇಷನ್ ನಿಂತಿತು. 1888ರ ಮಾರ್ಚ್‌ನಲ್ಲಿ ಪಟ್ಟಕ್ಕೆ ಬರುವಾಗ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ಹೇಳುತ್ತಲೇ 99 ದಿನ ಆಳಿ ಸತ್ತ.

ಅದಾಗಿ ಏಳು ವರ್ಷಕ್ಕೆ, 1895ರಲ್ಲಿ, ರಂಟ್ಜನ್ ಎಕ್ಸ್‌ರೇ ಕಂಡುಹಿಡಿದ. 1898ರಲ್ಲಿ ಕ್ಯೂರಿ ದಂಪತಿ ರೇಡಿಯಂ ಬೇರ್ಪಡಿಸುವ ದಾರಿ ಹಿಡಿದರು. ಹೊಸ ಕಿರಣವನ್ನು ಕ್ಯಾನ್ಸರ್ ಮೇಲೆ ಬಿಡಲು ವೈದ್ಯರು ತಡಮಾಡಲಿಲ್ಲ, ಆದರೆ ಬಿಡುವ ಕ್ರಮ ಗೊತ್ತಿರಲಿಲ್ಲ. ಒಂದೇ ಸಲಕ್ಕೆ ಹೆಚ್ಚು ಕೊಟ್ಟರೆ ಚರ್ಮ ಸುಟ್ಟು ಹುಣ್ಣಾಗುತ್ತಿತ್ತು, ಕಡಿಮೆ ಕೊಟ್ಟರೆ ಗಡ್ಡೆ ಕರಗುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಕ್ಲಾಡ್ ರೆಗೋ ಟಗರುಗಳ ವೃಷಣದ ಮೇಲೆ ಪ್ರಯೋಗ ಮಾಡಿ ಒಂದು ಸಂಗತಿ ತೋರಿಸಿದರು: ಅದೇ ವಿಕಿರಣವನ್ನು ಹಲವು ದಿನಗಳಿಗೆ ಹಂಚಿ ಕೊಟ್ಟರೆ ಬೇಗ ಬೇಗ ಒಡೆಯುವ ಕೋಶಗಳು ಸಾಯುತ್ತವೆ, ಮೇಲಿನ ಚರ್ಮ ಉಳಿಯುತ್ತದೆ. ಅವರ ಜೊತೆಗಾರ ಆನ್ರಿ ಕುತಾರ್ ಇದನ್ನು ಗಂಟಲು ಕ್ಯಾನ್ಸರ್ ರೋಗಿಗಳಿಗೆ ಅನ್ವಯಿಸಿ, ಮುಂದುವರಿದ ರೋಗದವರೂ ಗುಣವಾದದ್ದನ್ನು 1922ರಲ್ಲಿ ವೈದ್ಯರ ಸಮ್ಮೇಳನದ ಮುಂದಿಟ್ಟರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ‘ದಿನಕ್ಕೊಂದು ಸಲ, ವಾರಕ್ಕೆ ಐದು ದಿನ’ ಎಂದು ಬರೆದುಕೊಡುವ ಚೀಟಿಯ ಮೂಲ ಅಲ್ಲಿದೆ.

ಎರಡನ್ನೂ ಕೂಡಿಸುವುದಾದರೆ ಯಾವುದು ಮೊದಲು? ಮೊದಲು ವಿಕಿರಣ ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಕತ್ತರಿಸೋಣ ಎಂಬ ವಾದ ಬಹುಕಾಲ ನಡೆಯಿತು. 1973ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಪ್ರಯೋಗ ಇದನ್ನು ಒರೆಗೆ ಹಚ್ಚಿತು. ತಲೆ–ಕುತ್ತಿಗೆಯ ಮುಂದುವರಿದ ಕ್ಯಾನ್ಸರ್ ಇದ್ದ 277 ಜನರಲ್ಲಿ ಕೆಲವರಿಗೆ ಆಪರೇಷನ್ನಿಗೆ ಮೊದಲು, ಉಳಿದವರಿಗೆ ಆಪರೇಷನ್ ನಂತರ ವಿಕಿರಣ ಕೊಟ್ಟರು. ಗಂಟಲು ಮತ್ತು ಕುತ್ತಿಗೆಯಲ್ಲಿ ರೋಗ ಹತೋಟಿಗೆ ಬಂದದ್ದು ಮೊದಲೇ ವಿಕಿರಣ ಪಡೆದವರಲ್ಲಿ ಶೇ 58, ಆಮೇಲೆ ಪಡೆದವರಲ್ಲಿ ಶೇ 70. ಕಾರಣ ಊಹಿಸುವುದು ಕಷ್ಟವಲ್ಲ. ವಿಕಿರಣ ತಿಂದ ಅಂಗಾಂಶ ಬೇಗ ಕೂಡುವುದಿಲ್ಲವಾದ್ದರಿಂದ ಮೊದಲೇ ಹೆಚ್ಚು ಕೊಡಲು ಕೈ ಹಿಂಜರಿಯುತ್ತದೆ. ಆಪರೇಷನ್ ಆದ ಮೇಲಾದರೆ 60 ಗ್ರೇವರೆಗೆ (ಗ್ರೇ ಎಂದರೆ ವಿಕಿರಣದ ಅಳತೆ) ಕೊಡಬಹುದು, ಎಲ್ಲಿಗೆ ಎಷ್ಟು ಎಂಬುದು ಪ್ರಯೋಗಾಲಯದ ವರದಿಯಿಂದ ನಿಖರವಾಗಿ ಗೊತ್ತಾಗಿರುತ್ತದೆ. ಹೀಗೆ ‘ಮೊದಲು ಚಾಕು, ಆಮೇಲೆ ಕಿರಣ’ ಎಂಬ ಕ್ರಮ ನಿಂತಿತು.

ಗಂಟಲು ತೆಗೆಯಲೇಬೇಕೇ?

ಧ್ವನಿಪೆಟ್ಟಿಗೆ ತೆಗೆಯಬೇಕೆಂದ ಕೂಡಲೇ ಯಾರಿಗಾದರೂ ಎದೆ ಒಡೆಯುತ್ತದೆ. ತೆಗೆಯದೆಯೇ ಗುಣಪಡಿಸಬಹುದೇ ಎಂಬ ಪ್ರಶ್ನೆಗೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 1991ರಲ್ಲಿ ಉತ್ತರ ಕೊಟ್ಟಿತು. 332 ರೋಗಿಗಳಲ್ಲಿ ಒಂದು ಗುಂಪಿಗೆ ಆಪರೇಷನ್ ಮತ್ತು ವಿಕಿರಣ, ಇನ್ನೊಂದು ಗುಂಪಿಗೆ ಕೀಮೋ ಮತ್ತು ವಿಕಿರಣ ಮಾತ್ರ. ಎರಡು ವರ್ಷದ ಮೇಲೆ ಬದುಕಿದ್ದವರು ಎರಡೂ ಗುಂಪಿನಲ್ಲಿ ಶೇ 68. ಕೀಮೋ ಗುಂಪಿನ ಶೇ 64 ಜನರ ಧ್ವನಿಪೆಟ್ಟಿಗೆ ಉಳಿಯಿತು. ಅಂದಿನಿಂದ ದನಿ ಉಳಿಸುವ ಚಿಕಿತ್ಸೆ ಜಗತ್ತಿನೆಲ್ಲೆಡೆ ಬಳಕೆಗೆ ಬಂತು. ಕೀಮೋವನ್ನು ವಿಕಿರಣದ ಜೊತೆಜೊತೆಗೇ ಕೊಟ್ಟರೆ ಇನ್ನೂ ಹೆಚ್ಚು ಜನರ ಧ್ವನಿಪೆಟ್ಟಿಗೆ ಉಳಿಯುತ್ತದೆ ಎಂಬುದು 2003ರಲ್ಲಿ ಗೊತ್ತಾಯಿತು.

ಆದರೆ ಅದೇ 1991ರ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ. ಗಡ್ಡೆ ಬಹಳ ಬೆಳೆದು ನಾಲ್ಕನೇ ದರ್ಜೆ ಮುಟ್ಟಿದ್ದವರಲ್ಲಿ ಶೇ 56 ಜನರಿಗೆ ಕೊನೆಗೂ ಧ್ವನಿಪೆಟ್ಟಿಗೆ ತೆಗೆಯಲೇಬೇಕಾಯಿತು. ಈ ಅಂಕಿಯನ್ನು ರೋಗಿಯ ಮುಂದೆ ಹೇಳದೆ ಬರೀ ಆಸೆ ಹುಟ್ಟಿಸುವುದು ಸರಿಯಲ್ಲ. ಯಾಕೆಂದರೆ ಪೂರ್ತಿ ವಿಕಿರಣ ಪಡೆದ ಕುತ್ತಿಗೆಯಲ್ಲಿ ಆಮೇಲೆ ಮಾಡುವ ಆಪರೇಷನ್ ಬಲು ಕಷ್ಟದ್ದು. ಗಾಯ ಕೂಡದೆ ಎಂಜಲು ಕುತ್ತಿಗೆಯಿಂದ ಸೋರಬಹುದು, ಅದನ್ನು ತಡೆಯಲು ಎದೆಯ ಮಾಂಸಖಂಡ ತಂದು ಹೊದಿಸಬೇಕಾಗುತ್ತದೆ. ಹಾಗಾಗಿ ಗಡ್ಡೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಕೊರೆದು ಹೊರಬಂದಿದ್ದರೆ, ಅಥವಾ ಪೆಟ್ಟಿಗೆ ಕೆಲಸ ಮಾಡುವುದನ್ನೇ ನಿಲ್ಲಿಸಿ ನುಂಗಿದ್ದೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತಿದ್ದರೆ, ಮೊದಲು ಆಪರೇಷನ್, ನಂತರ ವಿಕಿರಣ ಎಂಬುದೇ ಈಗಲೂ ಸಾಮಾನ್ಯ ಸಲಹೆ.

ಆರಂಭಿಕ ಹಂತದ ಲೆಕ್ಕ ಬೇರೆ. ಧ್ವನಿತಂತುವಿಗಷ್ಟೇ ಸೀಮಿತವಾದ ಚಿಕ್ಕ ಕ್ಯಾನ್ಸರ್ ಲೇಸರ್ ಆಪರೇಷನ್ನಿನಿಂದಲೂ ವಾಸಿಯಾಗುತ್ತದೆ, ವಿಕಿರಣದಿಂದಲೂ ವಾಸಿಯಾಗುತ್ತದೆ. ಹತ್ತರಲ್ಲಿ ಒಂಬತ್ತು ಜನ ಗುಣವಾಗುತ್ತಾರೆ. ಅಂಥವರಿಗೆ ಎರಡನ್ನೂ ಕೊಟ್ಟರೆ ಅಡ್ಡಪರಿಣಾಮ ಇಮ್ಮಡಿಯಾಗುತ್ತದೆಯೇ ಹೊರತು ಲಾಭವಿಲ್ಲ. ಉಳಿದ ಅಸ್ತ್ರವನ್ನು ಮುಂದೆ ಬೇಕಾದೀತೆಂದು ಇಟ್ಟುಕೊಳ್ಳುವುದೇ ಜಾಣತನ.

ಒಂದು ಹಾಳೆಯ ವರದಿ

ಆಪರೇಷನ್ ನಂತರ ವಿಕಿರಣ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ತೆಗೆದ ಗಡ್ಡೆಯ ಬಯಾಪ್ಸಿ ವರದಿ. ರೋಗಿಯ ಮನೆಯವರು ಇದನ್ನು ಕೇಳಿ ಪಡೆದು, ನಾಲ್ಕು ಸಂಗತಿ ಏನಾಗಿದೆ ಎಂದು ವೈದ್ಯರ ಬಳಿ ಕೂತು ತಿಳಿದುಕೊಳ್ಳಬೇಕು. ಗಡ್ಡೆ ಎಷ್ಟು ಆಳಕ್ಕೆ ಇಳಿದಿತ್ತು? ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇದೆಯೇ? ಕುತ್ತಿಗೆಯ ಎಷ್ಟು ಗ್ರಂಥಿಗಳಲ್ಲಿ ಸಿಕ್ಕಿತು, ಮತ್ತು ಅದು ಗ್ರಂಥಿಯ ಪೊರೆ ಒಡೆದು ಹೊರಬಂದಿದೆಯೇ? ನರಗಳ ಸುತ್ತ, ರಕ್ತನಾಳಗಳ ಒಳಗೆ ಹರಿದಿದೆಯೇ?

ಗಡ್ಡೆ ದೊಡ್ಡದಿದ್ದರೆ, ಗ್ರಂಥಿಗಳಿಗೆ ಹರಡಿದ್ದರೆ, ನರ ಹಿಡಿದಿದ್ದರೆ ವಿಕಿರಣ ಬೇಕು. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಅಥವಾ ಗ್ರಂಥಿಯ ಪೊರೆ ಒಡೆದಿದ್ದರೆ ವಿಕಿರಣದ ಜೊತೆಗೆ ಕೀಮೋ ಕೂಡ ಬೇಕು. ಈ ಎರಡು ಗುರುತುಗಳಿದ್ದವರಿಗೇ ಕೀಮೋದಿಂದ ಹೆಚ್ಚು ಲಾಭವೆಂದು ಯುರೋಪ್ ಮತ್ತು ಅಮೆರಿಕದ ಎರಡು ದೊಡ್ಡ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2005ರ ವಿಶ್ಲೇಷಣೆ ತೋರಿಸಿತು. ಸಾಮಾನ್ಯವಾಗಿ ಕೊಡುವ ಔಷಧ ಸಿಸ್ಪ್ಲಾಟಿನ್. ಮೂತ್ರಪಿಂಡವೋ ಕಿವಿಯೋ ದುರ್ಬಲವಾಗಿದ್ದವರಿಗೆ ಅದು ಒಗ್ಗದು. ಅಂಥವರಿಗೆ ಏನು ಮಾಡಬೇಕೆಂಬುದಕ್ಕೆ ಉತ್ತರ ಬಂದದ್ದು ನಮ್ಮ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಿಂದ. ವಿಕಿರಣದ ಜೊತೆ ಡೋಸಿಟ್ಯಾಕ್ಸೆಲ್ ಕೊಟ್ಟಾಗ ಎರಡು ವರ್ಷ ರೋಗ ಮರುಕಳಿಸದೆ ಉಳಿದವರ ಪ್ರಮಾಣ ಶೇ 30ರಿಂದ ಶೇ 42ಕ್ಕೆ ಏರಿತೆಂದು ಅಲ್ಲಿನ ವೈದ್ಯರು 2023ರಲ್ಲಿ ಪ್ರಕಟಿಸಿದರು.

ಮೂವತ್ತು ದಿನದ ಹಾಜರಿ

ಆಪರೇಷನ್ ಆದ ಆರು ವಾರದೊಳಗೆ ವಿಕಿರಣ ಶುರುವಾಗಬೇಕು. ಅದಕ್ಕೆ ಮೊದಲು ಹಲ್ಲಿನ ಡಾಕ್ಟರನ್ನು ಕಾಣಬೇಕು. ಹುಳುಕು ಹಲ್ಲಿದ್ದರೆ ಆಗಲೇ ಕೀಳಿಸಿ, ಒಸಡು ಮಾಯಲು ಒಂದೆರಡು ವಾರ ಬಿಡಬೇಕು. ವಿಕಿರಣದ ನಂತರ ಹಲ್ಲು ಕಿತ್ತರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ, ಅದು ವರ್ಷಗಳು ಕಳೆದರೂ ತಪ್ಪುವುದಿಲ್ಲ.

ನಂತರ ಮುಖಕ್ಕೆ ಮಾಸ್ಕ್. ಸಣ್ಣ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಅದ್ದುತ್ತಾರೆ. ಮೆತ್ತಗಾದ ಹಾಳೆಯನ್ನು ಮಲಗಿದವರ ಹಣೆಯಿಂದ ಭುಜದವರೆಗೆ ಎಳೆದು ಅಂಟಿಸುತ್ತಾರೆ. ಹತ್ತಾರು ನಿಮಿಷದಲ್ಲಿ ಅದು ಗಟ್ಟಿಯಾಗಿ ಆ ವ್ಯಕ್ತಿಯ ಮುಖದ ಅಚ್ಚೇ ಆಗುತ್ತದೆ. ಮೇಲೆ ಶಿಲುಬೆಯಾಕಾರದ ಗುರುತು ಹಾಕಿ, ಹೆಸರು ಬರೆದು, ಗೋಡೆಯ ಶೆಲ್ಫಿನಲ್ಲಿ ಇಡುತ್ತಾರೆ. ಪ್ರತಿದಿನ ಅದೇ ಮಾಸ್ಕ್ ತೊಟ್ಟು, ಮೇಜಿಗೆ ಕ್ಲಿಪ್ ಹಾಕಿಸಿಕೊಂಡು ಅಲ್ಲಾಡದೆ ಮಲಗಬೇಕು. ಕಿರಣ ಮಿಲಿಮೀಟರ್ ಲೆಕ್ಕದಲ್ಲಿ ಗುರಿ ಹಿಡಿಯುವುದರಿಂದ ಈ ಕಟ್ಟುನಿಟ್ಟು. ಉಸಿರುಗಟ್ಟುವಂತೆ ಅನಿಸಿದರೆ ಮೊದಲ ದಿನವೇ ಹೇಳಬೇಕು. ಹೊರಗಿನ ಕೋಣೆಯಲ್ಲಿ ಟೆಕ್ನಿಷಿಯನ್ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ, ಕೈ ಎತ್ತಿದರೆ ಯಂತ್ರ ನಿಲ್ಲಿಸುತ್ತಾರೆ.

ಯಂತ್ರದೊಳಗೆ ಇರುವುದು ಕಾಲು ಗಂಟೆ. ಶಾಕ್ ಹೊಡೆಯುವುದಿಲ್ಲ, ಬಿಸಿ ತಾಗುವುದಿಲ್ಲ, ನೋವಿಲ್ಲ. ಹೊರಗೆ ಬಂದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಎಲ್ಲರ ಜೊತೆ ಊಟಕ್ಕೆ ಕೂರಬಹುದು. ದಿನಕ್ಕೆ 2 ಗ್ರೇಯಂತೆ 30 ದಿನಕ್ಕೆ 60 ಗ್ರೇ, ಅಪಾಯ ಹೆಚ್ಚಿದ್ದರೆ 66.

ಮೊದಲ ಎರಡು ವಾರ ಏನೂ ಅನಿಸುವುದಿಲ್ಲ. ಮೂರನೇ ವಾರದಿಂದ ಬಾಯಿ ಒಣಗುತ್ತದೆ, ನಾಲಿಗೆಗೆ ರುಚಿ ಕೆಡುತ್ತದೆ, ಗಂಟಲೊಳಗೆ ಹುಣ್ಣಾಗಿ ನುಂಗಿದರೆ ಉರಿಯುತ್ತದೆ, ಕುತ್ತಿಗೆಯ ಚರ್ಮ ಕಪ್ಪಾಗುತ್ತದೆ. ನಾಲ್ಕು, ಐದನೇ ವಾರದಲ್ಲಿ ‘ಇನ್ನು ನನ್ನ ಕೈಲಾಗದು’ ಎಂದು ಚಿಕಿತ್ಸೆ ಬಿಡುವವರಿದ್ದಾರೆ. ಕೈಬಿಡಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಚಿಕಿತ್ಸೆ ಶುರುವಾಗಿ ನಾಲ್ಕು ವಾರವಾಗುವ ಹೊತ್ತಿಗೆ ಬದುಕುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಆಗ ತಪ್ಪಿಸಿದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಶೇ 1ರಷ್ಟು ಕುಸಿಯುತ್ತದೆ ಎಂಬುದು ತಜ್ಞರ ಲೆಕ್ಕ.

ನುಂಗಲಾಗದಿದ್ದರೆ ಮೂಗಿನ ಮೂಲಕ ನಳಿಕೆ ಹಾಕಿಸಿಕೊಳ್ಳುವುದರಲ್ಲಿ ಅವಮಾನವಿಲ್ಲ. ರಾಗಿ ಅಂಬಲಿ, ಹಾಲು, ಬೇಳೆಕಟ್ಟು, ಮೊಟ್ಟೆ ಕದಡಿದ ಗಂಜಿ ಯಾವುದಾದರೂ ಆದೀತು, ತೂಕ ಮಾತ್ರ ಇಳಿಯಬಾರದು. ಖಾರ, ಉಪ್ಪಿನಕಾಯಿ, ಬಿಸಿ ಬಿಸಿ ಕಾಫಿ ಕೆಲವು ತಿಂಗಳು ದೂರ ಇರಲಿ. ನಳಿಕೆ ಇದ್ದರೂ ಗುಟುಕು ನೀರು ನುಂಗುವ ಅಭ್ಯಾಸ ಬಿಡಬಾರದು. ಬಿಟ್ಟರೆ ಗಂಟಲಿನ ಸ್ನಾಯುಗಳು ನುಂಗುವುದನ್ನೇ ಮರೆಯುತ್ತವೆ. ಜೊಲ್ಲುಗ್ರಂಥಿಯನ್ನು ಉಳಿಸಿ ಕಿರಣ ಹಾಯಿಸುವ ಐ.ಎಂ.ಆರ್.ಟಿ. ವಿಧಾನ ಈಗ ಹಲವು ಕಡೆ ಲಭ್ಯ. 2011ರ ಬ್ರಿಟಿಷ್ ಅಧ್ಯಯನದಲ್ಲಿ ಹಳೆಯ ವಿಧಾನದಿಂದ ಒಂದು ವರ್ಷದ ನಂತರವೂ ಬಾಯಿ ಒಣಗುವ ತೊಂದರೆ ಶೇ 74 ಜನರಿಗಿದ್ದರೆ, ಈ ವಿಧಾನದಲ್ಲಿ ಶೇ 38ಕ್ಕೆ ಇಳಿದಿತ್ತು.

ಬೀಡಿ, ಸಿಗರೇಟು, ಗುಟ್ಕಾ ನಿಲ್ಲಿಸಿ ಎನ್ನುವುದು ಬರೀ ಉಪದೇಶವಲ್ಲ. 1993ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ವಿಕಿರಣದ ವೇಳೆಯೂ ಸೇದುತ್ತಿದ್ದವರಲ್ಲಿ ಗಡ್ಡೆ ಪೂರ್ತಿ ಕರಗಿದ್ದು ಶೇ 45 ಜನರಿಗೆ, ಸೇದದವರಲ್ಲಿ ಶೇ 74 ಜನರಿಗೆ. ಹೊಗೆಯಿಂದ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಆಮ್ಲಜನಕ ಇಳಿದರೆ ವಿಕಿರಣದ ಕೆಲಸವೂ ಇಳಿಯುತ್ತದೆ.

ದನಿ ಮರಳಿ ಬರುತ್ತದೆ

ಧ್ವನಿಪೆಟ್ಟಿಗೆ ತೆಗೆದವರು ಕುತ್ತಿಗೆಯ ಮುಂದಿನ ರಂಧ್ರದಿಂದ ಉಸಿರಾಡುತ್ತಾರೆ. ಸ್ನಾನದಲ್ಲಿ ಅದಕ್ಕೆ ನೀರು ಹೋಗದಂತೆ ನೋಡಿಕೊಳ್ಳಬೇಕು, ಕೆರೆ ಹೊಳೆಗೆ ಇಳಿಯುವಂತಿಲ್ಲ. ಆದರೆ ಮಾತು ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕಿಲ್ಲ. ಅನ್ನನಾಳಕ್ಕೆ ಗಾಳಿ ನುಂಗಿ ತೇಗಿನಂತೆ ಹೊರಬಿಟ್ಟು ಮಾತಾಡುವುದನ್ನು ಕಲಿಯಬಹುದು. ಕುತ್ತಿಗೆಗೆ ಒತ್ತಿ ಹಿಡಿಯುವ ಬ್ಯಾಟರಿ ಸಾಧನ ಬಳಸಬಹುದು. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಸಣ್ಣ ವಾಲ್ವ್ ಕೂರಿಸಿಕೊಳ್ಳಬಹುದು. ಈ ವಾಲ್ವ್‌ಗಳು ವಿದೇಶದಿಂದ ಬರುತ್ತಿದ್ದ ಕಾಲದಲ್ಲಿ ಸಾವಿರಾರು ರೂಪಾಯಿ ಬೆಲೆಯವು. ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್, ಶಶಾಂಕ್ ಮಹೇಶ್ ಜೊತೆಗೂಡಿ ಸುಮಾರು ₹50ರ ‘ಓಂ’ ವಾಲ್ವ್ ರೂಪಿಸಿ ಬಡವರ ಕೈಗೂ ಎಟಕುವಂತೆ ಮಾಡಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ವಾಕ್ ತಜ್ಞರ ನೆರವು ಸಿಗುತ್ತದೆ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶವಿದೆ. ಆದರೂ ಆರು ವಾರ ಪರವೂರಿನಲ್ಲಿ ಉಳಿಯುವ ಖರ್ಚು, ಜೊತೆಗಿರುವವರ ಕೂಲಿ ನಷ್ಟ ಇವಕ್ಕೆ ಲೆಕ್ಕ ಹಿಡಿಯುವವರಿಲ್ಲ. ಬಹಳಷ್ಟು ಜನ ಚಿಕಿತ್ಸೆ ಬಿಡುವುದು ಈ ಕಾರಣಕ್ಕೆ. ಹಾಗಾಗಿ ಆಪರೇಷನ್ನಿಗೆ ಸಹಿ ಹಾಕುವ ಮೊದಲೇ ಶಸ್ತ್ರವೈದ್ಯರು, ವಿಕಿರಣ ತಜ್ಞರು ಇಬ್ಬರನ್ನೂ ಕಂಡು, ಒಟ್ಟು ಎಷ್ಟು ವಾರ ಬೇಕು, ಎಲ್ಲಿ ಉಳಿಯುವುದು, ಹತ್ತಿರದ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆಯೇ, ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಕಿರಣ ಯಂತ್ರವಿದೆ ಎಂಬುದನ್ನೆಲ್ಲ ವಿಚಾರಿಸಿಕೊಳ್ಳಿ. ಆಪರೇಷನ್ ಒಂದು ಕಡೆ, ವಿಕಿರಣ ಇನ್ನೊಂದು ಕಡೆ ಆದರೂ ಅಡ್ಡಿಯಿಲ್ಲ, ನಡುವೆ ತಿಂಗಳುಗಟ್ಟಲೆ ಅಂತರ ಬೀಳಬಾರದು.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಯಾರಿಗಾದರೂ ಮೂರು ವಾರ ಕಳೆದರೂ ಗೊಗ್ಗರು ದನಿ ಸರಿಹೋಗದಿದ್ದರೆ, ನುಂಗುವಾಗ ಒಂದೇ ಕಡೆ ಚುಚ್ಚಿ ಕಿವಿಯವರೆಗೆ ಎಳೆದಂತಾದರೆ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಕಂಡರೆ, ಕಷಾಯ, ಸಿರಪ್ಪಿನಲ್ಲಿ ದಿನ ದೂಡದೆ ಕಿವಿ–ಮೂಗು–ಗಂಟಲು ತಜ್ಞರಲ್ಲಿಗೆ ಕರೆದೊಯ್ಯಿರಿ. ಬೇಗ ಪತ್ತೆಯಾದರೆ ಒಂದೇ ಚಿಕಿತ್ಸೆ ಸಾಕಾಗಬಹುದು. ತಡವಾಗಿ ಎರಡೂ ಬೇಕಾಗಿ ಬಂದರೆ, ಎರಡನೆಯದು ಮುಗಿಯುವವರೆಗೆ ಚಿಕಿತ್ಸೆ ಮುಗಿದಿಲ್ಲ ಎಂಬುದನ್ನು ಮರೆಯಬೇಡಿ.